ಮೇಷ್ಟ್ರ ಕಾರಿನ ಟಿಕ್ ಟಿಕ್

ಡ್ರಾಯಿಂಗ್ ಮೇಷ್ಟ್ರು ಬೆಳಗ್ಗೆ ಕಾರನ್ನು ತೊಳೆದು, ಒರೆಸಿ, ಚಾಲೂ ಮಾಡಿದ್ದೇ ತಡ, ಬಾನೆಟ್ಟಿನೊಳಗಿಂದ ಟಿಕ್, ಟಿಕ್, ಟಿಕ್ ಎಂದು ಸದ್ದು ಹೊರಟಿತು. ಆಕ್ಸಿಲರೇಟರ್ ಒತ್ತಿದರೆ ಟಿಕ್‌ಟಿಕ್‌ಟಿಕ್! ಹೆಡ್‌ಮಾಸ್ತರರ ಮುಂದೆ ಹುಡುಗನ ಹಲ್ಲು ಕಟಕಟಿಸಿದಂತೆ.

ಮರುದಿನ ಮನೆ ಬದಲಾವಣೆ. ಹೊಸ ಮನೆಯ ಮುಂದೆ ಸೈಕಲ್ಲಿಗೂ ಜಾಗವಿಲ್ಲ. ಡ್ರೈವಿಂಗ್ ಸ್ಕೂಲಿನ ಯಜಮಾನರು ಕಾರು ಕೊಳ್ಳಲು ಸಂಜೆ ಐದಕ್ಕೆ ಬರುವವರಿದ್ದರು.

"ರೀ, ಇವತ್ತು ಇದು ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಇದರಲ್ಲೇ ಸಂಸಾರ ಮಾಡಿ," ಎಂದು ಹೆಂಡತಿ ಪಾತ್ರೆಗಳನ್ನು ಡಬ್ಬಕ್ಕೆ ತುಂಬುತ್ತಲೇ ಹೇಳಿದಳು.

ಸದ್ದು ಕೇಳಿ ಮೊದಲು ಬಂದವರು ಎದುರುಮನೆಯ ಗಡಿಯಾರ ರಿಪೇರಿಯವರು. ಕಣ್ಣು ಮುಚ್ಚಿ ತಲೆ ತೂಗಿ, "ಲಯ ಚೆನ್ನಾಗಿದೆ. ದಿನಕ್ಕೆ ಎರಡೇ ನಿಮಿಷ ಹಿಂದೆ ಬೀಳ್ತಿದೆ," ಎಂದರು. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಸ್ಟೆತೊಸ್ಕೋಪನ್ನೇ ತಂದು ಎಂಜಿನ್ನಿನ ನೆತ್ತಿಗಿಟ್ಟರು. "ಬದುಕಿದೆ. ಆದ್ರೆ ಉಪ್ಪು ಕಡಿಮೆ ಮಾಡ್ಬೇಕು."

ಆಗ ಭಾವಮೈದುನ ತೋಳು ಮಡಚಿ ಬಂದ. "ಸರೀರಿ ಭಾವ, ಒಂದೊಂದೇ ವೈರ್ ಕಿತ್ತು ನೋಡಿದ್ರೆ ಗೊತ್ತಾಗತ್ತೆ!" ನಾಲ್ಕೂ ಪ್ಲಗ್ ವೈರುಗಳನ್ನು ಕಿತ್ತ. ಯಾವುದು ಎಲ್ಲಿತ್ತೆಂಬುದು ಮರೆತುಹೋಯಿತು. ಕಣ್ಣಂದಾಜಿನಲ್ಲಿ ಸಿಕ್ಕಿಸಿ ಕೀಲಿ ತಿರುಗಿಸಿದ. ಢಮಾರ್! ಹೊಗೆಯೆದ್ದಿತು, ಬೀದಿಯ ಕಾಗೆಗಳೆಲ್ಲ ಹಾರಿದವು, ನರ್ಸಮ್ಮ ಹೂಕುಂಡದ ಮೇಲೆ ಕೂತುಬಿಟ್ಟರು.

ಕೊನೆಗೆ ಮೂರು ಗಂಟೆಗೆ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ಕನನ್ನು ಕಾಡಿ ಬೇಡಿ ಕರೆತಂದರು. ಅವನು ವೈರುಗಳನ್ನು ಸರಿಪಡಿಸಿ, ಎಣ್ಣೆ ನೋಡುವ ಕಡ್ಡಿ ಎಳೆದ. ಕಡ್ಡಿ ಒಣಗಿತ್ತು.

"ಎಣ್ಣೆ ನೋಡಿ ಎಷ್ಟು ದಿನ ಆಯ್ತು ಮೇಷ್ಟ್ರೇ?"

"ನೋಡ್ಬೇಕಾ?" ಎಂದರು ಮೇಷ್ಟ್ರು.

ಅವನು ಟಿಕ್ ಟಿಕ್ ಎನ್ನುತ್ತಿದ್ದ ಟ್ಯಾಪೆಟ್ ಎಂಬ ಬಿಡಿಭಾಗಗಳ ಸಡಿಲ ತೆಗೆದು, ಎಣ್ಣೆ ಹೊಯ್ದ. ಐದಕ್ಕೆ ಐದು ನಿಮಿಷವಿದ್ದಾಗ ಎಂಜಿನ್ನು ಬೆಕ್ಕಿನ ನಡಿಗೆಯಷ್ಟು ಮೆತ್ತಗಾಗಿತ್ತು. ಮೇಷ್ಟ್ರು ಅವನ ಕಪ್ಪು ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.

ಯಜಮಾನರು ಬಂದರು. ಬಾನೆಟ್ ತೆರೆಸಿ ಕಿವಿಯಿಟ್ಟರು. ಹುಬ್ಬು ಗಂಟಾಯಿತು.

"ಸದ್ದೇ ಇಲ್ವಲ್ಲ?"

"ಇಲ್ಲವೇ ಇಲ್ಲ!" ಮೇಷ್ಟ್ರು ಬೀಗಿದರು.

"ಅದೇ ಅನುಮಾನ. ಇಷ್ಟು ಹಳೇ ಎಂಜಿನ್ನು ಸ್ವಲ್ಪ ಟಿಕ್ ಟಿಕ್ ಅನ್ಲೇಬೇಕು. ಸುಮ್ನಿದೆ ಅಂದ್ರೆ ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತ ಅರ್ಥ."

"ಅಯ್ಯೋ, ಬೆಳಗ್ಗೆ ಅಂತಿತ್ತು ಸ್ವಾಮಿ! ಬೇಕಾದ್ರೆ ಇವರನ್ನ ಕೇಳಿ!"

"ಅಂತಿತ್ತು, ಅಂತಿತ್ತು," ಎಂದು ನರ್ಸಮ್ಮ ಸೊಂಟ ಹಿಡಿದುಕೊಂಡೇ ನೆರವಿಗೆ ಬಂದರು. "ಆಮೇಲೆ ಬಾಂಬ್ ಥರ ಸಿಡೀತು ಕೂಡ."

ಯಜಮಾನರು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊರಟೇಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಳಗೆ ಪಾತ್ರೆಗಳ ಸದ್ದು ನಿಂತು, ಹೆಂಡತಿಯ ಹೆಜ್ಜೆ ಸದ್ದು ಬಾಗಿಲತ್ತ ಬರತೊಡಗಿತು.

ಮೇಷ್ಟ್ರು ಮೆಕ್ಯಾನಿಕ್ಕನ ತೋಳು ಹಿಡಿದು ಪಿಸುಗುಟ್ಟಿದರು: "ಅಪ್ಪಾ, ಆ ಟಿಕ್ ಟಿಕ್ ವಾಪಸ್ ಹಾಕಿಕೊಡ್ತೀಯಾ?"

ಅವನು ಸ್ಪ್ಯಾನರ್ ಒರೆಸುತ್ತ ಯೋಚಿಸಿ ಹೇಳಿದ: "ಅದು ನನ್ ಕೈಲಾಗಲ್ಲ ಮೇಷ್ಟ್ರೇ. ನೀವೇ ಕಷ್ಟಪಟ್ಟು ಇನ್ನೆರಡು ವರ್ಷ ಎಣ್ಣೆ ನೋಡ್ದೆ ಓಡಿಸ್ಬೇಕು."