ನಮ್ಮ ಮಾವನಿಗೊಂದು ವಾಯಿದೆ ಕೊಡಿ

ನನ್ನ ಸೋದರಮಾವ ಸೂಲಗಿತ್ತಿಯ ಹತ್ತಿರವೂ ವಾಯಿದೆ ಕೇಳಿಯೇ ಹುಟ್ಟಿರಬೇಕು! ವಾಯಿದೆ ಅಂದರೆ ಗೊತ್ತಲ್ಲ, 'ಇನ್ನೂ ಸ್ವಲ್ಪ ಟೈಮ್ ಕೊಡಿ' ಅನ್ನುವುದು. ಒಮ್ಮೆ ಮುಳಬಾಗಿಲಿನ ಕ್ಷೌರದಂಗಡಿಯಲ್ಲಿ ಅರ್ಧ ಮೀಸೆ ತೆಗೆಯುವಷ್ಟರಲ್ಲಿ ಮಾವನಿಗೆ ಅನುಮಾನ ಬಂತು. "ಮಿಕ್ಕಿದ್ದನ್ನ ಯೋಚ್ನೆ ಮಾಡ್ಬೇಕು, ನಾಳೆವರ್ಗೂ ವಾಯಿದೆ ಕೊಡಪ್ಪಾ" ಎಂದು ಅರ್ಧ ಮೀಸೆಯಲ್ಲೇ ಬಸ್ಸು ಹತ್ತಿದ ಮಹಾನುಭಾವ!

ಹೆಣ್ಣು ನೋಡಲು ರಾಯಲ್ಪಾಡಿಗೆ ಹೋದಾಗಲೂ ಇದೇ ಕಥೆಯಂತೆ. ಉಪ್ಪಿಟ್ಟು ಖಾಲಿ ಮಾಡಿ, "ಬರೋ ಯುಗಾದಿವರ್ಗೂ ವಾಯಿದೆ ಕೊಡಿ" ಅಂದರಂತೆ. ಬಾಗಿಲ ಹಿಂದಿನಿಂದ ಹುಡುಗಿಯೇ ತೆಲುಗಿನಲ್ಲಿ ಗದರಿದಳು: "ವಾಯಿದಾ ಲೇದು, ಗೀಯಿದಾ ಲೇದು!" ವಾಯಿದೆಯೂ ಇಲ್ಲ, ಗೀಯಿದೆಯೂ ಇಲ್ಲ! ಮಾವ ಬೆಚ್ಚಿಬಿದ್ದು ಒಪ್ಪಿಕೊಂಡರು. ಅವಳೇ ನಮ್ಮ ಅತ್ತೆ. ಅಂದಿನಿಂದ ಆ ಮನೆಯಲ್ಲಿ ವಾಯಿದೆಗೆ ಜಾಗವಿಲ್ಲ, ಅತ್ತೆಯದೇ ಕಾಯಿದೆ.

ಸ್ಕೂಲ್ ಟೀಚರಾಗಿದ್ದ ಅತ್ತೆ ಈ ವರ್ಷ ತೀರಿಕೊಂಡರು. ಅವರ ಪಿಂಚಣಿಯ ಇನ್‌ಕಂ ಟ್ಯಾಕ್ಸ್ ರಿಟರ್ನನ್ನು ವಾರಸುದಾರರಾಗಿ ಮಾವನೇ ಹಾಕಬೇಕಿತ್ತು. ಗಡುವಿಗೆ ಒಂದೇ ದಿನ ಬಾಕಿ. ಮಾವ ಕೋಲಾರದ ಆಡಿಟರ್ ಮುಂದೆ ಕೂತು ವಾಯಿದೆ ಅರ್ಜಿ ಬರೆಸಲು ಹೊರಟರು!

"ಇದೇನು ಕೋರ್ಟಾ ಸಾರ್? ಅರ್ಜಿ ಗಿರ್ಜಿ ಏನೂ ಇಲ್ಲ. ನಾಳೆ ದಾಟಿದ್ರೆ ದಂಡ ಬೀಳುತ್ತೆ."

"ದಂಡ ಕಟ್ಟೋಕಾದ್ರೂ ವಾಯಿದೆ ಇದ್ಯಾ?"

ಆಡಿಟರ್ ನೀರು ಕುಡಿಯಲು ಎದ್ದು ಹೋದರು. ಅಷ್ಟರಲ್ಲಿ ಜೊತೆಗೆ ಬಂದಿದ್ದ ನಾನು ಮಾವನನ್ನು ಕೆಳಗಿನ ಟೀ ಅಂಗಡಿಗೆ ಎಳೆದೊಯ್ದು ರೇಗಿದೆ. "ಕಾಗದ ಎಲ್ಲಾ ರೆಡಿ ಇದೆ ಮಾವಾ. ಇನ್ಯಾತಕ್ಕೆ ವಾಯಿದೆ?"

ಮಾವ ಬನ್ನನ್ನು ಟೀಯಲ್ಲಿ ಅದ್ದಿದರು. ಅದು ಕರಗಿ ಲೋಟದೊಳಗೆ ಬಿತ್ತು.

"ಅವಳ ಹೆಸರಿನ ಮುಂದೆ 'ಲೇಟ್' ಅಂತ ಹಾಕ್ಬೇಕಂತೆ ಕಣೋ. ಜೀವಮಾನದಲ್ಲಿ ಒಂದಿನ ಸ್ಕೂಲಿಗೆ ಲೇಟಾಗಿ ಹೋದವಳಾ ಅವಳು? ನನ್ ಕೈಯಾರೆ ಹೆಂಗೋ ಹಾಕ್ಲಿ?"

ನಾನು ಮೆಲ್ಲಗೆ ಹೇಳಿದೆ: "ನಾಳೆ ದಾಟಿದ್ರೆ ರಿಟರ್ನೂ ಲೇಟಾಗುತ್ತೆ ಮಾವಾ. ಅತ್ತೆ ಒಪ್ತಿದ್ರಾ?"

ಮಾವ ಪಕ್ಕದ ಖಾಲಿ ಸ್ಟೂಲಿನ ಕಡೆ ತಿರುಗಿ, ಬೈಸಿಕೊಳ್ಳಲು ಕಾದರು. ಯಾರೂ ಗದರಲಿಲ್ಲ. ಕೊನೆಗೆ ತಾವೇ, ಸಣ್ಣ ದನಿಯಲ್ಲಿ, "ವಾಯಿದಾ ಲೇದು, ಗೀಯಿದಾ ಲೇದು" ಎಂದು ಹೇಳಿಕೊಂಡು ಆಡಿಟರ್ ಆಫೀಸಿನ ಮೆಟ್ಟಿಲು ಹತ್ತಿದರು.