ಉದ್ಘಾಟನಾ ಫಲಕದ ಹಿಂದಿನ ಸ್ವಿಚ್ಚು

ಚಿಲಿಕಾ ಸರೋವರದ ನಡುಗಡ್ಡೆಗಳ ರೋಗಿಗಳನ್ನು ದಡದ ಆಸ್ಪತ್ರೆಗೆ ಸಾಗಿಸುವ ಸರ್ಕಾರಿ ಆಂಬುಲೆನ್ಸ್ ದೋಣಿಯು ಸುಸ್ಥಿತಿಯಲ್ಲಿದೆಯೆಂದೂ, ಅದು ಎಲ್ಲಿಗೂ ಹೋಗದಿರುವುದೇ ಸದರಿ ಸುಸ್ಥಿತಿಗೆ ಕಾರಣವೆಂದೂ ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ತಿಳಿಯಪಡಿಸುತ್ತಿರುವವನು ನಾನು, ಭ್ರಮರಬರ ಬೆಹೆರಾ, ನಮ್ಮ ನಡುಗಡ್ಡೆಯ ಮೀನುಗಾರರ ಸಂಘದ ಕಾರ್ಯದರ್ಶಿ.

ದೋಣಿ ಓಡುವುದು ಬ್ಯಾಟರಿಯಿಂದ. ಅರ್ಧ ದಾರಿಗೆ ಬ್ಯಾಟರಿ ಮುಗಿಯುತ್ತದೆ, ಅಲ್ಲಿ ಜನರೇಟರ್ ಹಚ್ಚಿ ಚಾರ್ಜ್ ಮಾಡಿಕೊಳ್ಳಬೇಕು. ಮೊದಲ ಸವಾರಿಯಲ್ಲೇ ಅದು ನಡುನೀರಲ್ಲಿ ನಿಂತಿತು. ಜನರೇಟರ್ ಗುಡುಗಿತು, ಹೊಗೆ ಕಾರಿತು, ಬ್ಯಾಟರಿಯ ಮುಳ್ಳು ಮಾತ್ರ ಅಲುಗಲಿಲ್ಲ. ಇತ್ತ ನನ್ನ ಸೊಸೆ ಕುಂತಳಾಗೆ ಎಂಟು ತಿಂಗಳು. ಮಗು ಅಡ್ಡ ಮಲಗಿದೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಪರಿಶೀಲನೆಗೆ ಎಂಜಿನಿಯರ್ ಶತಪಥಿ ಬಾಬು ಬಂದರು. ಬಂದ ತಕ್ಷಣ ದೋಷ ಕಂಡುಹಿಡಿದರು. ಅವರನ್ನು ದಡ್ಡರೆಂದು ಯಾರೂ ಹೇಳಕೂಡದು. ನನ್ನನ್ನು ಮಾವುಸಾ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಾರೆ.

"ಜನರೇಟರ್ ಸರಿ ಇದೆ, ಬ್ಯಾಟರಿ ಸರಿ ಇದೆ ಮಾವುಸಾ. ಸ್ವಿಚ್ಚು ದಡದ ಕರೆಂಟಿನ ಕಡೆ ಇದೆ. ಜನರೇಟರ್ ಕಡೆ ತಿರುಗಿಸಿದರೆ ಮುಗೀತು."

"ತಿರುಗಿಸಿ ಮತ್ತೆ, ಬಾಬು!"

"ಹೇಗೆ ತಿರುಗಿಸಲಿ? ಅದರ ಮೇಲೆ ಮಂತ್ರಿಗಳ ಉದ್ಘಾಟನಾ ಫಲಕ ಜಡಿದಿದ್ದಾರಲ್ಲ."

"ನಾಲ್ಕು ತಿರುಪು ಬಿಚ್ಚಿದರೆ ಫಲಕ ಬರುತ್ತಪ್ಪ."

"ಫಲಕ ಬರುತ್ತೆ. ಅದರ ಹಿಂದೆಯೇ ನನ್ನ ವರ್ಗಾವಣೆ ಆದೇಶಾನೂ ಬರುತ್ತೆ."

ಉದ್ಘಾಟಿತ ಫಲಕವನ್ನು ಉದ್ಘಾಟಿಸಿದವರ ಸಮ್ಮುಖದಲ್ಲಿ ಮಾತ್ರ ತೆಗೆಯತಕ್ಕದ್ದು ಎಂಬ ನಿಯಮವಿದೆಯಂತೆ. ಮಂತ್ರಿಗಳು ಫಲಕ ಹಾಕಲು ಎಲ್ಲಿಗಾದರೂ ಬರುತ್ತಾರೆ, ತೆಗೆಯಲು ಎಲ್ಲಿಗೂ ಬರುವುದಿಲ್ಲ. ಹೀಗಾಗಿ ಒಂದು ಸಮಿತಿ ಬಂತು. ನಮ್ಮ ಏಡಿ ಸಾರನ್ನು ಬೆರಳು ನೆಕ್ಕಿ ನೆಕ್ಕಿ ಉಂಡು, ಇನ್ನೂ ದೊಡ್ಡ ಜನರೇಟರ್ ಕೂರಿಸಿತು. ಸದ್ದು ದೊಡ್ಡದಾಯಿತು. ಆಮೇಲೆ ಸಮಿತಿ ತೀರ್ಮಾನ ಕೊಟ್ಟಿತು: "ದಡಕ್ಕೆ ಕಟ್ಟಿರುವಾಗ ಬ್ಯಾಟರಿ ತುಂಬಿರುತ್ತದೆ. ಹೊರಟಾಗ ಮಾತ್ರ ಖಾಲಿಯಾಗುತ್ತದೆ. ಆದಕಾರಣ ದೋಷವು ಪ್ರಯಾಣದಲ್ಲಿದೆ. ಇನ್ನು ಮುಂದೆ ದೋಣಿಯು ದಡದಲ್ಲೇ ಸೇವೆ ಸಲ್ಲಿಸತಕ್ಕದ್ದು. ರೋಗಿಗಳು ಸ್ವಂತ ವ್ಯವಸ್ಥೆಯಲ್ಲಿ ಬಂದು ಅದನ್ನು ಹತ್ತತಕ್ಕದ್ದು." ಇವರ ತಲೆಗೆ ನಮ್ಮ ಏಡಿ ದಂಡ!

ಕುಂತಳಾಗೆ ನೋವು ಶುರುವಾದಾಗ ಗಾಳಿ ಎದುರಿತ್ತು. ನನ್ನ ಮೀನಿನ ದೋಣಿಯಲ್ಲಿ ಬಲೆಯ ಮೇಲೆ ಮಲಗಿಸಿ, ನಾನೂ ಮಗನೂ ಹುಟ್ಟು ಹಾಕಿದೆವು. ಅವಳು ಕೂಗುತ್ತಿದ್ದಳು. ಆಮೇಲೆ ಕೂಗುವುದನ್ನೂ ಬಿಟ್ಟಳು. ದಡ ಮುಟ್ಟಿ ಅವಳನ್ನು ಎತ್ತಿಕೊಂಡರೆ ಆಂಬುಲೆನ್ಸ್ ದೋಣಿಯ ಸಿಬ್ಬಂದಿಯೊಬ್ಬ ಅಡ್ಡ ನಿಂತ.

"ಈ ಕಡೆಯಿಂದ ಆಂಬುಲೆನ್ಸ್ ಹತ್ತಿಸಿ, ಆ ಕಡೆಯಿಂದ ಇಳಿಸಿ."

"ಪ್ರಾಣ ಹೋಗ್ತಿದೆ ಕಣಯ್ಯಾ!"

"ಆಂಬುಲೆನ್ಸಿಂದ ಇಳಿದವರು ರೋಗಿ. ಮೀನಿನ ದೋಣಿಯಿಂದ ಇಳಿದವರು ಮೀನಿನವರು. ನಾನೇನು ಮಾಡ್ಲಿ?"

ಹತ್ತಿಸಿದೆವು, ಇಳಿಸಿದೆವು. ಡಾಕ್ಟರಮ್ಮ ಹೊಟ್ಟೆ ಕೊಯ್ದು ತಾಯಿ, ಮಗು ಇಬ್ಬರನ್ನೂ ಉಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದರು.

ಇಲಾಖೆ ಇದನ್ನು ಆಂಬುಲೆನ್ಸ್ ದೋಣಿಯ ಮೊದಲ ಯಶಸ್ಸೆಂದು ಸಾರಿತು. ನನ್ನ ಮೀನಿನ ದೋಣಿಯನ್ನು 'ಸಂಪರ್ಕ ಸೇವೆ' ಎಂದು ಘೋಷಿಸಿತು. ಮಂತ್ರಿಗಳು ಬಂದರು, ಕೂಸನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡರು, ನನ್ನ ದೋಣಿಯ ಬಲಬದಿಗೆ ಕಲ್ಲಿನ ಫಲಕ ಜಡಿಸಿ ಹೋದರು. ಅಂದಿನಿಂದ ದೋಣಿ ಬಲಕ್ಕೆ ವಾಲುತ್ತದೆ, ನೀರು ಒಳಗೆ ಬರುತ್ತದೆ.

"ಇದನ್ನಾದರೂ ತೆಗೆಸಿಕೊಡಿ ಬಾಬು," ಎಂದು ಶತಪಥಿಯವರಲ್ಲಿ ಕೇಳಿದೆ.

"ಉದ್ಘಾಟನೆ ಆಗಿಹೋಯ್ತಲ್ಲ, ಮಾವುಸಾ."

ಅದೂ ಸರಿಯೇ. ಈಗ ನಾವೆಲ್ಲ ಎಡಬದಿಗೇ ಕೂರುತ್ತೇವೆ. ಮೊನ್ನೆ ಪಕ್ಕದ ಮನೆಯ ತುಂಬು ಬಸುರಿಯನ್ನು ಕರೆದೊಯ್ಯುವಾಗ ನಾನೇನೂ ಹೇಳಬೇಕಾಗಲಿಲ್ಲ. ಅಷ್ಟು ನೋವಿನಲ್ಲೂ ಅವಳು ತಾನಾಗಿಯೇ ತೆವಳಿಕೊಂಡು ಎಡಕ್ಕೆ ಹೋಗಿ ಮಲಗಿದಳು.