ಫೋನಿನಲ್ಲಿ ಕಡಿದ ಭತ್ತ

ಕಲಿಸುವವರು ಎದುರಿಗಿದ್ದಾಗ ಚಹಾ ಕುಡಿಯುತ್ತಾ ಕೂರುವುದು, ಅವರು ಹೋದ ಮೇಲೆ ಪೇಚಾಡುವುದು ನನ್ನ ಹುಟ್ಟುಗುಣ. ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಮ್ಯಾನೇಜರ್. ಆದರೆ ಗಿರಣಿ ನಡೆಯುತ್ತಿದ್ದದ್ದು ನಮ್ಮ ಹಳೆಯ ಕೆಲಸಗಾರ ತಿಪ್ಪಣ್ಣನವರ ಹಲ್ಲಿನ ಮೇಲೆ. ಲೋಡ್ ಬಂದರೆ ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ಭತ್ತ ತೆಗೆದು ಕಡಿಯುತ್ತಿದ್ದರು. ಕಟಕ್ ಅಂದರೆ ಒಣಗಿದೆ, ಮೆತ್ತಗೆ ಮುರಿದರೆ ಹಸಿ. ತಪ್ಪಿದರೆ ಅಕ್ಕಿಯೆಲ್ಲ ನುಚ್ಚು. ತೇವ ಅಳೆಯುವ ಯಂತ್ರವೂ ಇದೆ. ಒಂದೇ ಹಿಡಿ ಭತ್ತಕ್ಕೆ ಮೂರು ಸಲ ಮೂರು ಥರ ಹೇಳುತ್ತದೆ, ಥೇಟ್ ನನ್ನ ಹಾಗೆ.

ಅವರ ನಿವೃತ್ತಿಗೆ ಮೂರು ತಿಂಗಳಿರುವಾಗ ಮಾಲೀಕರು ಹೊಸಪೇಟೆಯಲ್ಲಿ ಯಾವುದೋ ತರಬೇತಿ ಕೇಳಿ ಬಂದು, ನಾಲೆಡ್ಜ್ ಟ್ರಾನ್ಸ್‌ಫರ್ ಆಗಬೇಕು, ತಿಪ್ಪಣ್ಣನ ವಿದ್ಯೆಯೆಲ್ಲ ನೀವು ಕಲಿಯಿರಿ ಎಂದು ತಾಕೀತು ಮಾಡಿದರು. ನಾನು ಹೊಸ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ 'ಕಟಕ್' ಎಂದು ಬರೆದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮಾತು ಹೊರಳುತ್ತಿತ್ತು: ಅವರ ಎಮ್ಮೆ, ನನ್ನ ಮಂಡಿನೋವು, ಮಿರ್ಚಿ ಬಜ್ಜಿಗೆ ಯಾರ ಅಂಗಡಿ ಮೇಲು ಎಂಬ ಜಗಳ. ಕೊನೆಗೆ ಹಾರ ಹಾಕಿ ಕಳಿಸಿದೆವು. ಅವರು ತಮ್ಮೂರು ಬಂಡ್ರಿಗೆ ಹೋದರು.

ಮರುದಿನವೇ ಲೋಡ್ ಬಂತು. ಕಡಿದೆ. ಕಟಕ್ ಅಂದದ್ದು ಭತ್ತವೋ ನನ್ನ ಹಲ್ಲೋ ತಿಳಿಯಲಿಲ್ಲ. ತಿಪ್ಪಣ್ಣನವರಿಗೆ ಫೋನ್ ಮಾಡಿದೆ.

"ಫೋನ್ ಬಾಯಿ ಹತ್ರ ಹಿಡ್ಕೊಂಡು ಕಡೀರಿ ಸರ."

ಕಡಿದೆ. ಹಸಿ ಇದೆ, ಇನ್ನೊಂದು ದಿನ ಬಿಸಿಲಿಗೆ ಹಾಕಿಸಿ ಅಂದರು. ಹಮಾಲರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಂದಿನಿಂದ ಲೋಡ್ ಬಂದಾಗಲೆಲ್ಲ ಫೋನ್; ಭತ್ತ ಮುಗಿದ ಮೇಲೆ ಎಮ್ಮೆ, ಮಂಡಿ, ಮಿರ್ಚಿ.

ಈಗ ನಿಜ ಹೇಳುತ್ತೇನೆ. ಹೋದ ಸುಗ್ಗಿಯಲ್ಲೇ ನಾನು ಕಲಿತುಬಿಟ್ಟಿದ್ದೇನೆ. ಕಾಳು ಹಲ್ಲಿಗೆ ಸಿಕ್ಕ ಕೂಡಲೇ ಗೊತ್ತಾಗುತ್ತದೆ. ಆದರೂ ಫೋನ್ ಮಾಡುತ್ತೇನೆ. ತೂಕದ ಕಾಟಾದ ಪಕ್ಕದಲ್ಲಿ ಅವರ ಸ್ಟೂಲು ಖಾಲಿ ಇರುವುದನ್ನು ನೋಡಿದರೆ ಇಂದಿಗೂ ಸಂಕಟವಾಗುತ್ತದೆ. ಕಲಿತೆ ಎಂದರೆ ಆ ದನಿಯೂ ನಿಂತುಹೋಗುತ್ತದಲ್ಲ ಎಂಬ ಭಯ ನನಗೆ.

ಮೊನ್ನೆ ಲೋಡೇ ಬಂದಿರಲಿಲ್ಲ. ಮನಸ್ಸು ತಡೆಯದೆ ಫೋನ್ ಮಾಡಿ, ಜೇಬಿನಲ್ಲಿದ್ದ ಹುರಿಗಡಲೆ ತೆಗೆದು ಕಡಿದೆ.

"ಈ ಲೋಡು ಭಾಳ ಚಂದ ಹುರಿದೈತ್ರಿ ಸರ," ಅಂದರು ತಿಪ್ಪಣ್ಣ. "ನಾಳಿನ ಲೋಡಿನ ಮ್ಯಾಲೆ ಯಾಕೋ ಅನುಮಾನ ಐತಿ. ಫೋನ್ ಮಾಡೋದು ಬಿಡಬ್ಯಾಡ್ರಿ."

ನಾನು ಕಲಿತದ್ದು ಅವರಿಗೆ ಎಷ್ಟು ದಿನದಿಂದ ಗೊತ್ತಿತ್ತೋ, ಕೇಳುವ ಧೈರ್ಯವಾಗಲಿಲ್ಲ. ಮಾಲೀಕರಿಗೆ ಮಾತ್ರ ವರದಿ ಒಪ್ಪಿಸಿದ್ದೇನೆ: ನಾಲೆಡ್ಜ್ ಟ್ರಾನ್ಸ್‌ಫರ್ ಇನ್ನೂ ಮುಗಿದಿಲ್ಲ, ನಾನು ಸ್ವಲ್ಪ ದಡ್ಡ.